ಲ್ಯಾಪ್‌ಟಾಪ್ ಜಂಗಮ

ಬುಧವಾರ ರಾತ್ರಿ ಹತ್ತೂವರೆ ಹೊತ್ತಿಗೆ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ದೊಡ್ಡದೊಂದು ಬ್ಯಾಗು ತನ್ನಷ್ಟಕ್ಕೆ ತಾನೇ ನಡೆದುಕೊಂಡು ಹೋಗುತ್ತಿರುವುದು ಕಂಡರೆ ಗಾಬರಿಯಾಗಬೇಡಿ. ಸ್ವಲ್ಪ ಬಗ್ಗಿ ನೋಡಿ, ಅದರ ಕೆಳಗೆ ಒಬ್ಬ ಹುಡುಗ ಇರುತ್ತಾನೆ. ವಿಜಯನಗರದವನೋ, ಬಸವೇಶ್ವರನಗರದವನೋ, ನವರಂಗ್ ಹತ್ತಿರದ ರಾಜಾಜಿನಗರದವನೋ ಆಗಿರುತ್ತಾನೆ. ಕೆಂಗೇರಿಯವನಾದರೆ ನಿಲ್ದಾಣದವರೆಗೆ ಬರುವುದಿಲ್ಲ. ಕೆಂಗೇರಿಯಲ್ಲೇ ಕೈ ಅಡ್ಡ ಹಾಕಿ ಹತ್ತುತ್ತಾನೆ. ಹತ್ತಿದವನು ಪಕ್ಕದ ಸೀಟಿನವನಿಗೆ, "ನಿಮಗಿಂತ ನಮಗೆ ಊಟಿ ಹತ್ರ ಗುರು" ಎಂದು ಹೇಳಿ ಮಲಗುತ್ತಾನೆ.

ಅವನು ಹೊರಟಿರುವುದು ರಜಕ್ಕಲ್ಲ. ಎಲ್‌ಟಿಸಿ ಬರೆದುಹಾಕಿ, ಸ್ವೆಟರು ಕಟ್ಟಿಕೊಂಡು, ಹೆಂಡತಿ ಮಕ್ಕಳೊಂದಿಗೆ ಊಟಿಗೆ ಹೋಗಿ ದೋಣಿಯಲ್ಲಿ ಫೋಟೊ ತೆಗೆಸಿಕೊಳ್ಳುವುದು ಅವನ ಅಪ್ಪನ ಕಾಲದ ಪದ್ಧತಿ. ಇವನು ಹೊರಟಿರುವುದು ಕೆಲಸಕ್ಕೆ. ಕೆಲಸಕ್ಕಾದರೆ ವೈಟ್‌ಫೀಲ್ಡಿಗೆ ಹೋಗಬೇಕಲ್ಲ ಎನ್ನುತ್ತೀರಾ? ಸೋಮವಾರ, ಮಂಗಳವಾರ, ಬುಧವಾರ ಅಲ್ಲಿಗೇ ಹೋಗಿಬಂದಿದ್ದಾನೆ. 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ನೇರಳೆ ಮಾರ್ಗ ಪೂರ್ತಿಯಾದ ಮೇಲೆ ವಿಜಯನಗರದಲ್ಲಿ ಹತ್ತಿ ಊರಿನ ಆ ತುದಿಯವರೆಗೂ ಒಂದೇ ರೈಲಿನಲ್ಲಿ ನಿಂತುಕೊಂಡು ಹೋಗುವ ಸೌಕರ್ಯ ಒದಗಿದೆ. ಮೂರು ದಿನ ಹಾಗೆ ನಿಂತಾಯಿತು. ಇನ್ನು ಗುರುವಾರ, ಶುಕ್ರವಾರ ಮನೆಯಿಂದ ಕೆಲಸ. ಯಾರ ಮನೆಯಿಂದ ಎಂಬುದನ್ನು ಕಂಪನಿಯ ಆದೇಶದಲ್ಲಿ ಬರೆದಿಲ್ಲ. ಆ ಒಂದು ಸಂದಿಯಲ್ಲಿ ನುಸುಳಿ ಇವನು ಬೆಟ್ಟ ಹತ್ತುತ್ತಿದ್ದಾನೆ.

ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರಿಂದೂರಿಗೆ ಹೋಗುತ್ತಿದ್ದ ಜಂಗಮರು ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಈ ಬಸವೇಶ್ವರನಗರದ ಜಂಗಮನೂ ಒಂದೇ ಕಡೆ ನಿಲ್ಲುವುದಿಲ್ಲ. ಆದರೆ ಪ್ಲಗ್ಗು ಕಂಡಲ್ಲಿ ಕೂತುಬಿಡುತ್ತಾನೆ.

ಜೋಳಿಗೆಯ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು. ಅದು ಅರುವತ್ತು ಲೀಟರಿನ ಬ್ಯಾಗು. ಬ್ಯಾಗನ್ನು ಲೀಟರಿನಲ್ಲಿ ಅಳೆಯುತ್ತಾರೆಂದು ನಮ್ಮ ಬೀದಿಗೆ ಗೊತ್ತಾದದ್ದೇ ಇವನಿಂದ. ಹಾಲಿನ ಬೂತಿನವನು ನಿಜವಾಗಿಯೂ ಯೋಚನೆಗೆ ಬಿದ್ದು, "ಅಷ್ಟು ಹಾಲು ಒಂದೇ ಸಲ ಯಾರಿಗೆ ಬೇಕು ಸಾರ್?" ಎಂದು ಕೇಳಿದ. ಬ್ಯಾಗಿಗೆ ಸೊಂಟಕ್ಕೊಂದು ಪಟ್ಟಿ, ಎದೆಗೊಂದು ಪಟ್ಟಿ, ಮೇಲೆ ಹೊದೆಯಲು ಅದರದೇ ಒಂದು ರೈನ್‌ಕೋಟು. ಮಳೆ ಬಂದರೆ ಇವನು ನೆನೆಯುತ್ತಾನೆ, ಬ್ಯಾಗು ನೆನೆಯುವುದಿಲ್ಲ. ಕೊಳ್ಳುವಾಗ ಅಂಗಡಿಯವರು ಅದರಲ್ಲಿ ಟೆಂಟು, ಮಲಗುವ ಚೀಲ, ಒಂದು ಸಣ್ಣ ಒಲೆ ಹಿಡಿಯುತ್ತದೆಂದು ಹೇಳಿದ್ದರಂತೆ. ಈಗ ಹಿಡಿದಿರುವುದು ಲ್ಯಾಪ್‌ಟಾಪ್, ಅದರ ಚಾರ್ಜರ್, ಅದು ಕೈಕೊಟ್ಟರೆ ಇರಲಿ ಎಂದು ಇನ್ನೊಂದು ಚಾರ್ಜರ್, ಎರಡು ಪವರ್ ಬ್ಯಾಂಕ್, ಮೂರು ಕಂಪನಿಯ ಸಿಮ್ಮು, ಹೋಮ್‌ಸ್ಟೇಯಲ್ಲಿ ಪ್ಲಗ್ಗು ಮಂಚದಿಂದ ದೂರವಿದ್ದರೆಂದು ಒಂದು ಎಕ್ಸ್‌ಟೆನ್ಷನ್ ಬಾಕ್ಸು. ಇಷ್ಟು ಇವನು ತುಂಬಿದ್ದು. ಇವನು ಸ್ನಾನಕ್ಕೆ ಹೋದಾಗ ಅಮ್ಮ ತುಂಬಿದ್ದು ಬೇರೆ: ಕೋಡುಬಳೆ, ಗೊಜ್ಜವಲಕ್ಕಿ, ಚಟ್ನಿಪುಡಿ, ಮಂಕಿ ಕ್ಯಾಪು, ವಿಕ್ಸು, ಘಾಟಿಯಲ್ಲಿ ವಾಂತಿ ಬಂದರೆ ಮೂಸಿ ನೋಡಲು ಎರಡು ನಿಂಬೆಹಣ್ಣು, ಗಾಳಿ ಆಂಜನೇಯನ ಕುಂಕುಮ. ನಾಲ್ಕು ದಿನದ ಬಟ್ಟೆಗೆ ಜಾಗ ಸಿಕ್ಕಿರುವುದಿಲ್ಲ. ಅವನ ಬೆಟ್ಟದ ಫೋಟೊಗಳಲ್ಲೆಲ್ಲ ಒಂದೇ ಟೀಶರ್ಟ್ ಕಾಣುವುದಕ್ಕೆ ಇದೇ ಕಾರಣ; ವೈರಾಗ್ಯ ಎಂದುಕೊಳ್ಳಬೇಡಿ.

ನೀಲಗಿರಿಯಲ್ಲಿ ಪ್ಲಾಸ್ಟಿಕ್ ನಿಷೇಧವಿದೆ. ಚೆಕ್‌ಪೋಸ್ಟಿನಲ್ಲಿ ನೀರಿನ ಬಾಟಲಿ, ಕವರು ಎಲ್ಲ ಕಿತ್ತಿಟ್ಟುಕೊಳ್ಳುತ್ತಾರೆ. ಮೊದಲ ಸಲ ಹೋದಾಗ ಅಮ್ಮ ಚಟ್ನಿಪುಡಿಯನ್ನು ಕವರಿನಲ್ಲಿ ಕಟ್ಟಿದ್ದರು. ಕವರು ಕೊಡಿ ಎಂದರು, ಕೊಟ್ಟ. ಪುಡಿ ಎಲ್ಲಿ ಹಾಕುವುದು? ಕೈಗೆ ಸಿಕ್ಕಿದ್ದು ಲ್ಯಾಪ್‌ಟಾಪಿನ ಉಣ್ಣೆಯ ಚೀಲ. ಇವತ್ತಿಗೂ ಅವನು ಎಂಟರ್ ಒತ್ತಿದರೆ ಹುರಿಗಡಲೆ, ಇಂಗಿನ ವಾಸನೆ ಬರುತ್ತದೆ.

ನಾನು ಹೇಳುತ್ತಿರುವುದು ನಮ್ಮ ಎದುರು ಮನೆಯ ಹುಡುಗನ ವಿಚಾರ. ಹೆಸರು ಬೇಡ, ಹೇಳಿದರೆ ಅವನ ಹಾಜರಿಗೆ ಅಪಾಯ. ಹೆಸರಿಲ್ಲದಿದ್ದರೂ ನಷ್ಟವಿಲ್ಲ, ಈ ಲಕ್ಷಣದವನು ನಿಮ್ಮ ಎದುರು ಮನೆಯಲ್ಲೂ ಇರುತ್ತಾನೆ.

ಇವನ ಆಸೆ ಮೊದಲು ಇಷ್ಟು ಸಣ್ಣದಿರಲಿಲ್ಲ. 2024ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾ ದೇಶ ಭಾರತದವರಿಗೂ 'ವರ್ಕ್ ಅಂಡ್ ಹಾಲಿಡೇ' ವೀಸಾ ತೆರೆಯಿತು. 18ರಿಂದ 30 ವಯಸ್ಸಿನವರು ಒಂದು ವರ್ಷ ಅಲ್ಲಿ ಸುತ್ತಾಡಬಹುದು, ಖರ್ಚಿಗೆ ಅಲ್ಲಲ್ಲೇ ದುಡಿದುಕೊಳ್ಳಬಹುದು. ವರ್ಷಕ್ಕೆ ಅವಕಾಶ 1,000 ಜನಕ್ಕೆ, ಆಯ್ಕೆ ಲಾಟರಿಯಲ್ಲಿ, ಹೆಸರು ಹಾಕಲು 25 ಆಸ್ಟ್ರೇಲಿಯನ್ ಡಾಲರ್. ಎರಡೇ ವಾರದಲ್ಲಿ 40,000ದಷ್ಟು ಅರ್ಜಿ ಬಿದ್ದವು. ಅದರಲ್ಲಿ ಒಂದು ನಮ್ಮ ಬೀದಿಯದು.

ಆ ತಿಂಗಳೆಲ್ಲ ಅವನು ಜಿಂಡಬೈನ್ ಎಂಬ ಊರಿನ ಜಪ ಮಾಡಿದ. ಸ್ನೋಯಿ ಪರ್ವತದ ಕಡೆ ದೊಡ್ಡ ಕೆರೆಯ ದಡದಲ್ಲಿರುವ ಊರು; ಚಳಿಗಾಲದಲ್ಲಿ ಹಿಮದ ಮೇಲೆ ಜಾರಲು ಬರುವವರಿಗೆ ಕಾಫಿ ಮಾಡಿಕೊಟ್ಟು, ಬೇಸಿಗೆಯಲ್ಲಿ ತೋಟಗಳಲ್ಲಿ ಹಣ್ಣು ಕಿತ್ತು, ಮಿಕ್ಕ ಹೊತ್ತು ಬೆಟ್ಟ ಸುತ್ತುವುದು ಅವನ ಯೋಜನೆ. ಇದನ್ನು ಅವನು ಅಪ್ಪ ಅಮ್ಮನ ಎದುರು ಲ್ಯಾಪ್‌ಟಾಪಿನಲ್ಲಿ ಚಿತ್ರಸಹಿತ ಮಂಡಿಸಿದಾಗ ನಾನೂ ಕಾಫಿ ಕುಡಿಯುತ್ತ ಅಲ್ಲೇ ಕೂತಿದ್ದೆ.

ಅಮ್ಮ ಕೇಳಿದ್ದು ಒಂದೇ ಮಾತು. "ಅಲ್ಲಿ ಹೋಗಿ ಸೇಬು ಕೀಳ್ತೀಯಾ ಕಂದಾ? ತುರುವೇಕೆರೆಯಲ್ಲಿ ನಿಮ್ಮ ತಾತನ ತೋಟದಲ್ಲಿ ಕೀಳೋರಿಲ್ದೆ ತೆಂಗಿನಕಾಯಿ ತಾನಾಗಿ ಉದುರ್ತಾ ಇದೆ."

"ಅದು ಬೇರೆ ಅಮ್ಮಾ. ಅಲ್ಲಿ ಕಿತ್ರೆ ಎಕ್ಸ್‌ಪೀರಿಯೆನ್ಸ್."

"ಇಲ್ಲಿ ಕಿತ್ರೆ?"

"ಇಲ್ಲಿ ಕಿತ್ರೆ ಕೂಲಿ."

ಅಪ್ಪ ಸಣ್ಣ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಜೀವಮಾನವೆಲ್ಲ ತುಮಕೂರು, ಕೋಲಾರದ ಕೆರೆ ಏರಿಗಳ ಮೇಲೆ ನಡೆದವರು. ಅವರು ಕನ್ನಡಕ ಏರಿಸಿ ಜಿಂಡಬೈನಿನ ಚಿತ್ರವನ್ನು ಬಹಳ ಹೊತ್ತು ನೋಡಿ, "ಇದು ಕೆರೆ ಅಲ್ಲ ಕಣೋ, ಡ್ಯಾಮಿನ ಹಿನ್ನೀರು. ಹಳೇ ಊರನ್ನ ಮುಳುಗಿಸಿ ಮೇಲೆ ಹೊಸ ಊರು ಕಟ್ಟಿದಾರೆ. ನಮ್ಮ ಕಡೆ ಆಗಿದ್ರೆ ಪರಿಹಾರದ ಕೇಸು ಇನ್ನೂ ನಡೀತಾ ಇರ್ತಿತ್ತು" ಎಂದರು. ಮಾತು ನಿಜವೇ. ಸ್ನೋಯಿ ಜಲಯೋಜನೆಗಾಗಿ 1960ರ ದಶಕದಲ್ಲಿ ಹಳೆಯ ಜಿಂಡಬೈನ್ ನೀರಿನಡಿ ಹೋಯಿತು. ಆದರೆ ಕನಸು ಕಾಣುತ್ತಿರುವವನ ಮುಂದೆ ಹಿನ್ನೀರಿನ ಮಾತು ಆಡುವ ಧೈರ್ಯ ನೀರಾವರಿ ಇಲಾಖೆಯವರಿಗೆ ಮಾತ್ರ ಇರುತ್ತದೆ.

ಲಾಟರಿಯಲ್ಲಿ ಹೆಸರು ಬರಲಿಲ್ಲ. ಎರಡು ದಿನ ಮಂಕಾಗಿದ್ದು, ಮೂರನೆಯ ದಿನ ಎದ್ದು, ಕೆಲಸವೂ ಇದೆ, ಬೆಟ್ಟವೂ ಇದೆ, ವೀಸಾ ಯಾಕೆ ಬೇಕು ಎಂದು ತೀರ್ಮಾನಿಸಿದ. ಊಟಿ, ಕೊಡೈಕೆನಾಲ್, ಏರ್ಕಾಡು: ಮೂರೂ ಬೆಟ್ಟದ ಊರು, ಮೂರರಲ್ಲೂ ಊರ ನಡುವೆ ಕೆರೆ. ಬೆಂಗಳೂರಿಂದ ಊಟಿಗೆ 280 ಕಿಲೋಮೀಟರ್ ಆಸುಪಾಸು, ಏರ್ಕಾಡಿಗೆ ಅದಕ್ಕೂ ಕಮ್ಮಿ, ಕೊಡೈ ಮಾತ್ರ 460ಕ್ಕೂ ಮೇಲೆ. ಸಾಮಾನ್ಯ ವಾರಗಳಲ್ಲಿ ನಾಲ್ಕು ದಿನ ಹೋಗಿಬರುವುದು. ಮ್ಯಾನೇಜರ್ ಕರುಣೆ ತೋರಿದ ತಿಂಗಳು ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಚೀಲ ಹೊತ್ತು ಸಾಗುವುದು. ಇದಕ್ಕೆ ಅವನು 'ಸ್ಲೋ ಟ್ರಾವೆಲ್' ಎನ್ನುತ್ತಾನೆ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಹುಟ್ಟಿ ಬೆಳೆದವನಿಗೆ ನಿಧಾನವಾಗಿ ಸಾಗಲು ಇನ್ನೂರೆಂಬತ್ತು ಕಿಲೋಮೀಟರ್ ಹೋಗುವ ಅಗತ್ಯವೇನೆಂದು ನನಗೆ ತಿಳಿದಿಲ್ಲ.

ಬಸ್ಸಿನಲ್ಲೇ ಹೋಗುವುದಕ್ಕೂ ಅವನ ಬಳಿ ಸಿದ್ಧಾಂತವಿದೆ, ಪರಿಸರ ಗಿರಿಸರ ಎಂದೆಲ್ಲ. ನಿಜವಾದ ಕಾರಣ ಬೇರೆ. 2024ರ ಮೇ 7ರಿಂದ, ಮದ್ರಾಸ್ ಹೈಕೋರ್ಟಿನ ಆದೇಶದಂತೆ, ಊಟಿಗೂ ಕೊಡೈಗೂ ಹೊರಗಿನ ವಾಹನಗಳು ಇ-ಪಾಸ್ ಪಡೆದೇ ಹೋಗಬೇಕು. ಸರ್ಕಾರಿ ಬಸ್ಸಿನವರಿಗೆ ಆ ಗೋಜಿಲ್ಲ. ಗೋಜು ಬರುವುದು ಬಂಡೀಪುರದಲ್ಲಿ. ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಬೆರಳೆಣಿಕೆಯ ಸರ್ಕಾರಿ ಬಸ್ಸಿಗೆ ಮಾತ್ರ ವಿನಾಯಿತಿ. ವಿನಾಯಿತಿಯ ಬಸ್ಸು ತಪ್ಪಿದರೆ ಆನೆಗಳು ಪಾಳಿ ಮುಗಿಸಿದ ಮೇಲೆ ಇವನ ಪಾಳಿ. ಆರಕ್ಕೆ ಗೇಟು ತೆರೆದು, ಮುದುಮಲೆ ದಾಟಿ, ಗೂಡಲೂರಿನ ಘಾಟಿ ಹತ್ತುವ ಹೊತ್ತಿಗೆ ಒಂಬತ್ತರ ಮೀಟಿಂಗು ಶುರುವಾಗಿರುತ್ತದೆ. ಅದಕ್ಕೆ ಅವರು 'ಸ್ಟ್ಯಾಂಡ್‌ಅಪ್' ಎಂದು ಹೆಸರಿಟ್ಟುಕೊಂಡಿದ್ದಾರೆ. ನಿಂತುಕೊಂಡು ಮಾಡಬೇಕಾದ ಮೀಟಿಂಗು. ಇವನು ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ನಿಂಬೆಹಣ್ಣು ಹಿಡಿದು, ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಏನು ಅಡ್ಡಿ ಎಂದು ಹೇಳುತ್ತಾನೆ. ಇಡೀ ತಂಡದಲ್ಲಿ ನಿಯಮ ಪಾಲಿಸಿ ನಿಂತಿರುವವನು ಇವನೊಬ್ಬನೇ.

ಇನ್ನು ರೈಲಿನ ಕಥೆ. ಊಟಿಯಿಂದ ಕೊಡೈಗೆ ಹೋಗುವುದೆಂದರೆ ಒಂದು ಬೆಟ್ಟ ಪೂರ್ತಿ ಇಳಿದು, ಕೊಯಮತ್ತೂರು, ಪಳನಿಯ ಬಿಸಿಲು ಕುಡಿದು, ಇನ್ನೊಂದು ಬೆಟ್ಟ ಹತ್ತುವುದು. ಇಳಿಯುವುದಕ್ಕೆ ನಮ್ಮ ಹುಡುಗ ಪುಟಾಣಿ ರೈಲು ಹಿಡಿದ. 46 ಕಿಲೋಮೀಟರಿನ ದಾರಿ, 2005ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು, 16 ಸುರಂಗ. ಅಂದೇ ದೊಡ್ಡವರೊಬ್ಬರ ಜೊತೆ ಮೀಟಿಂಗು. ಪ್ರಶ್ನೆ ಕೇಳಿದ ಕೂಡಲೇ ಸುರಂಗ ಬರುವುದು, ಇವನ ದನಿ ಹೋಗುವುದು, ಆಚೆ ಬಂದು ಎರಡು ಮಾತಾಡುವಷ್ಟರಲ್ಲಿ ಇನ್ನೊಂದು ಸುರಂಗ. ವರ್ಷದ ಕೊನೆಯ ವರದಿಯಲ್ಲಿ, 'ಅಳೆದು ತೂಗಿ ಮಾತನಾಡುತ್ತಾರೆ, ಉತ್ತರಿಸುವ ಮುನ್ನ ಯೋಚಿಸುತ್ತಾರೆ' ಎಂದು ಬರೆದು ಸಂಬಳ ಏರಿಸಿದರಂತೆ. ಬ್ರಿಟಿಷರು ಬಿಟ್ಟುಹೋದದ್ದರಲ್ಲಿ ನಮ್ಮ ಬೀದಿಗೆ ನೇರವಾಗಿ ಲಾಭವಾದದ್ದು ಆ ಸುರಂಗಗಳಿಂದ ಮಾತ್ರ.

ಈ ಬೆಟ್ಟದ ಕಚೇರಿಯ ಚಾಳಿಯೂ ಅವರದೇ. ಬೇಸಿಗೆ ಬಂತೆಂದರೆ ಮದ್ರಾಸು ಪ್ರಾಂತದ ಸರ್ಕಾರಕ್ಕೆ ಸರ್ಕಾರವೇ ಕಡತ, ಗುಮಾಸ್ತ, ಅಡುಗೆಯವನ ಸಮೇತ ಊಟಿಗೆ ಏರುತ್ತಿತ್ತು. ಉತ್ತರದಲ್ಲಿ 1864ರಿಂದ ಸಿಮ್ಲಾ ಇಡೀ ಭಾರತದ ಬೇಸಿಗೆ ರಾಜಧಾನಿಯಾಗಿತ್ತು. ನಮ್ಮಲ್ಲಿಯೂ ಕಬ್ಬನ್ ಸಾಹೇಬರ ಬಂಗಲೆ ನಂದಿಬೆಟ್ಟದ ಮೇಲೆ ಇವತ್ತಿಗೂ ಇದೆ. ಒಂದು ವ್ಯತ್ಯಾಸ ಗಮನಿಸಬೇಕು. ಸಾಹೇಬರು ಬೆಟ್ಟ ಏರುವ ಖರ್ಚನ್ನು ಖಜಾನೆ ಕೊಡುತ್ತಿತ್ತು. ನಮ್ಮ ಹುಡುಗ ಕಂಪನಿಯ ಕೆಲಸವನ್ನು ಸ್ವಂತ ಬೆನ್ನ ಮೇಲೆ, ಸ್ವಂತ ಖರ್ಚಿನಲ್ಲಿ ಹೊತ್ತು ಹೋಗಿ, ಬಾಡಿಗೆ ಕೊಟ್ಟ ಕೋಣೆಯಲ್ಲಿ ಮಾಡಿ ಮುಗಿಸಿ, ಅದಕ್ಕೆ ಸ್ವಾತಂತ್ರ್ಯ ಎಂದು ಹೆಸರಿಡುತ್ತಾನೆ.

ಊಟಿಯ ಕೆರೆಯ ಬಗ್ಗೆ ಅವನ ಅಪ್ಪನಿಗೆ ಮೊದಲಿನಿಂದ ಅನುಮಾನ. 1820ರ ದಶಕದಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಬೆಟ್ಟದ ತೊರೆಗಳಿಗೆ ಅಡ್ಡಕಟ್ಟೆ ಹಾಕಿಸಿ ಮಾಡಿದ ಕೆರೆ ಅದು. ಆಗ ಇನ್ನೂ ದೊಡ್ಡದಿತ್ತು. ಈಗಿನ ಬಸ್ ನಿಲ್ದಾಣ, ರೇಸ್‌ಕೋರ್ಸ್ ಎಲ್ಲ ನಿಂತಿರುವುದು ಅದರ ಒಡಲಲ್ಲೇ. ನಮ್ಮ ಮೆಜೆಸ್ಟಿಕ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಒಡಲಲ್ಲಿ ನಿಂತಿಲ್ಲವೇ? "ಕೆರೆ ನುಂಗಿದ ಒಂದು ಊರಲ್ಲಿ ಬಸ್ಸು ಹತ್ತಿ ಇನ್ನೊಂದರಲ್ಲಿ ಇಳೀತಾನೆ. ಮಧ್ಯೆ ನೀರು ಮಾತ್ರ ಇಲ್ಲ" ಎಂದು ಅಪ್ಪ ನನ್ನ ಬಳಿ ಹೇಳಿದರು. ಮಗ ಪ್ರತಿ ಸಲ ವಾಪಸು ಬಂದಾಗ ಅವರ ವಿಚಾರಣೆ ನಡೆಯುತ್ತದೆ.

"ಕೊಡೈ ಕೆರೆಗೆ ತೂಬು ಎಲ್ಲಿದೆ?"

"ಗೊತ್ತಿಲ್ಲಪ್ಪಾ."

"ಕೋಡಿ ಯಾವ ಕಡೆ ಹರಿಯುತ್ತೆ?"

"ನೋಡ್ಲಿಲ್ಲ."

"ಏರಿ ಮಣ್ಣಿಂದೋ ಕಲ್ಲಿಂದೋ?"

"ಅಪ್ಪಾ, ಸನ್‌ಸೆಟ್ ಚೆನ್ನಾಗಿತ್ತು."

"ಸೂರ್ಯ ಎಲ್ಲಾ ಕಡೆ ಮುಳುಗ್ತಾನೆ. ಕೆರೆಗೆ ಹೋದೋನು ಕೋಡಿ ನೋಡ್ದೆ ಬರ್ತಾನೇನೋ?"

ಅಪ್ಪನಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಮಗ ಕೋಡಿ ಇರಲಿ, ಕೆರೆಯನ್ನೇ ಸರಿಯಾಗಿ ನೋಡಿರುವುದಿಲ್ಲ. ಕೊಡೈ ಕೆರೆಯನ್ನು 1863ರಲ್ಲಿ ವೆರ್ ಹೆನ್ರಿ ಲೆವಿಂಜ್ ಎಂಬ ಅಧಿಕಾರಿ ಮಾಡಿಸಿದ್ದು. ನಕ್ಷತ್ರದಾಕಾರ, ಸುತ್ತ ಐದು ಕಿಲೋಮೀಟರ್ ದಾರಿ. ದಡದ ಬೆಂಚಿನ ಮೇಲೆ ಕೂತು ತೊಡೆಯ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಕಾಫಿ, ಎದುರಿಗೆ ನೀರು ಬರುವಂತೆ ಒಂದು ಫೋಟೊ ತೆಗೆದು ಜಾಲತಾಣಕ್ಕೆ ಹಾಕುತ್ತಾನಲ್ಲ, ಆ ಫೋಟೊ ಎಷ್ಟು ಸತ್ಯವೋ ಅಷ್ಟೇ ಹೊತ್ತು ಅವನು ಅಲ್ಲಿರುತ್ತಾನೆ. ಯಾಕೆಂದರೆ ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ. ಕಾಣಬೇಕಾದರೆ ಕೆರೆಗೆ ಬೆನ್ನು ಹಾಕಿ ನೆರಳಿನ ಕಡೆ ತಿರುಗಬೇಕು. ತಿರುಗಿದರೆ ನೆಟ್‌ವರ್ಕ್ ಬರುವುದಿಲ್ಲ. ಕಡೆಗೆ ಕೋಣೆಗೆ ಬರುತ್ತಾನೆ. ಕೋಣೆಯಲ್ಲಿ ಸಿಗ್ನಲ್ ಎರಡು ಗೆರೆ ಕಾಣುವುದು ಬಚ್ಚಲ ಬಾಗಿಲ ಹತ್ತಿರ ಒಂದು ಮೂಲೆಯಲ್ಲಿ ಮಾತ್ರ. ಗೀಸರಿನ ಕೆಳಗೆ ಸ್ಟೂಲು ಹಾಕಿಕೊಂಡು ಸಂಜೆ ಏಳರವರೆಗೆ ಅಲ್ಲೇ ಕೂರುತ್ತಾನೆ. ಎದ್ದು ಹೊರಗೆ ಬರುವಷ್ಟರಲ್ಲಿ ಕೆರೆಯ ಮೇಲೆ ಮಂಜು ಇಳಿದು ಏನೂ ಕಾಣುತ್ತಿರುವುದಿಲ್ಲ. ಆ ಮೂಲೆಯ ಗೋಡೆಯ ಬಣ್ಣ ಕೇಳಿ, ಕರಾರುವಾಕ್ಕಾಗಿ ಹೇಳುತ್ತಾನೆ.

ಆಫೀಸಿನವರಿಗೆ ಇವನು ಬಸವೇಶ್ವರನಗರದ ಮನೆಯಲ್ಲೇ ಇದ್ದಾನೆ. ಅದನ್ನು ನಂಬಿಸಲು ಅವನು ಮಾಡಿರುವ ಏರ್ಪಾಡು ಕೇಳಿದರೆ ನಾಟಕದ ಕಂಪನಿಯವರು ಕೈಮುಗಿಯಬೇಕು. ಒಂದು ದಿನ ಬೆಳಿಗ್ಗೆ ಮನೆಯ ಸದ್ದನ್ನೆಲ್ಲ ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಿದ್ದಾನೆ: ಕುಕ್ಕರಿನ ವಿಷಲ್ಲು, ಸೊಪ್ಪಿನವಳ ಕೂಗು, ಕಸದ ಆಟೊದ ಹಾಡು, ಅಮ್ಮ ಕೆಲಸದವಳ ಜೊತೆ ಆಡುವ ಜಗಳ. ಮೀಟಿಂಗಿನಲ್ಲಿ ತಾನು ಮಾತಾಡುವ ಸರದಿ ಬಂದಾಗ ಹಿನ್ನೆಲೆಗೆ ಅದನ್ನು ಹಾಕಿಬಿಡುತ್ತಾನೆ. ಕೊಡೈಯ ಕುದುರೆ ಕೆನೆದದ್ದು ಸೊಪ್ಪಿನವಳ ಕೂಗಿನಲ್ಲಿ ಮುಚ್ಚಿಹೋಗುತ್ತದೆ. ಎಷ್ಟೋ ವಾರ ಇದು ನಡೆಯಿತು.

ಆಮೇಲೆ ಮ್ಯಾನೇಜರ್ ಬದಲಾದರು. ಹೊಸಬರು ವಿಜಯನಗರದ ಮೇಡಮ್ಮು. ಅಲ್ಲಿಗೆ ಕಲೆ ಕೆಟ್ಟಿತು. ಮೊದಲ ದಿನವೇ, "ಏನಪ್ಪಾ, ನಮ್ಮ ಏರಿಯಾಗೆ ಕಸದ ಗಾಡಿ ಬೆಳಿಗ್ಗೆನೇ ಸರಿಯಾಗಿ ಬರಲ್ಲ, ನಿಮಗೆ ಸಂಜೆ ನಾಲ್ಕಕ್ಕೂ ಬರುತ್ತಾ?" ಎಂದು ಕೇಳಿದರು. ಹೇಗೋ ತಪ್ಪಿಸಿಕೊಂಡ. ಎರಡನೆಯ ದಿನ ಕುಕ್ಕರಿನ ಸರದಿ. ಒಂದು ವಿಷಲ್ಲು, ಎರಡು, ಐದು, ಒಂಬತ್ತು. ಆ ತುಣುಕು ನಿಲ್ಲದೆ ಮತ್ತೆ ಮತ್ತೆ ತಿರುಗುತ್ತಿದ್ದದ್ದು ಇವನಿಗೆ ಗೊತ್ತಾಗಲಿಲ್ಲ. ಮೇಡಮ್ಮಿಗೆ ಗೃಹಿಣಿಯ ಸಂಕಟ ತಡೆಯಲಾಗಲಿಲ್ಲ. "ಯಾವ ಬೇಳೆನಪ್ಪಾ ಅದು? ಇಷ್ಟು ಹೊತ್ತಾದ್ರೂ ಬೇಯ್ಲಿಲ್ವಾ? ತಳ ಹತ್ತುತ್ತೆ, ಅಮ್ಮಂಗೆ ಹೇಳು."

ಇಲ್ಲಿ ಸುಮ್ಮನಿದ್ದಿದ್ದರೆ ಬಚಾವಾಗುತ್ತಿದ್ದ. ಆದರೆ ಎಂಜಿನಿಯರಿಂಗ್ ಓದಿದವನ ಮುಂದೆ ಪ್ರಶ್ನೆ ಬಿದ್ದರೆ ಅವನು ಸುಮ್ಮನಿರುವುದು ಹೇಗೆ? "ಹಾಗಲ್ಲ ಮೇಡಮ್, ಎತ್ತರದ ಜಾಗದಲ್ಲಿ ಗಾಳಿಯ ಒತ್ತಡ ಕಮ್ಮಿ. ಎರಡು ಸಾವಿರದ ನೂರು ಮೀಟರ್ ಎತ್ತರದಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತೆ. ಅದಕ್ಕೇ ಬೇಳೆ ಬೇಯೋದು ಲೇಟು" ಎಂದ.

ಮೇಡಮ್ಮು ಸ್ವಲ್ಪ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ ಕೇಳಿದ್ದು: "ಬಸವೇಶ್ವರನಗರ ಯಾವಾಗಪ್ಪಾ ಅಷ್ಟು ಎತ್ತರ ಆಗಿದ್ದು?"

ಕೆಲಸ ಹೋಗಲಿಲ್ಲ. ವಿಜಯನಗರದವರು ಅಷ್ಟು ಕಠಿಣ ಹೃದಯದವರಲ್ಲ. ಬರುವಾಗ ಒಂದು ಕೆಜಿ ಕೊಡೈ ಬೆಟ್ಟದ ಬೆಳ್ಳುಳ್ಳಿ ತಂದುಕೊಡಬೇಕೆಂದು ಆದೇಶವಾಯಿತು, ಅಷ್ಟೆ. 2019ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಬೆಳ್ಳುಳ್ಳಿ ಅದು, ಬೆಲೆಯೂ ಮಾನ್ಯತೆಗೆ ತಕ್ಕಂತೆ ಇದೆ. ಊಟಿಗೆ ಹೋದರೆ ವರ್ಕಿ ಬಿಸ್ಕತ್ತು. ಅದಕ್ಕೂ 2023ರಲ್ಲಿ ಅದೇ ಮಾನ್ಯತೆ ಸಿಕ್ಕಿದೆ. ಅಲ್ಲಿಂದ ಮುಂದೆ ತಂಡದಲ್ಲಿ ಒಬ್ಬೊಬ್ಬರದು ಒಂದೊಂದು ಪಟ್ಟಿ. ಈಗ ಅವನ ಅರುವತ್ತು ಲೀಟರಿನ ಬ್ಯಾಗು ಹೋಗುವಾಗ ಕೋಡುಬಳೆಯ ಮೂಟೆ, ಬರುವಾಗ ಕಿರಾಣಿ ಮೂಟೆ.

ಇಷ್ಟರ ನಡುವೆ ಒಂದು ಸಂಜೆ ಮಾತ್ರ ಅವನು ನಿಜಕ್ಕೂ ಬೆಟ್ಟದಲ್ಲಿದ್ದ ಎಂದು ನನಗೆ ಅನ್ನಿಸುತ್ತದೆ. ಊಟಿಯ ಆಚೆ ಬಡಗರ ಹಟ್ಟಿಯೊಂದರಲ್ಲಿ ಉಳಿದಿದ್ದನಂತೆ. ಕರೆಂಟು ಹೋಯಿತು, ಟವರೂ ಸತ್ತಿತು. ಮನೆಯ ಹಿರಿಯರು ಬೆಂಕಿಯ ಹತ್ತಿರ ಕೂರಿಸಿಕೊಂಡು ಮಾತಾಡಿಸಿದರು. ಅವರು ಆಡಿದ್ದು ಬಡಗ, ಇವನು ಉತ್ತರಿಸಿದ್ದು ಹಿಂದಿ. ನಮ್ಮ ಹುಡುಗರ ವಿಚಿತ್ರ ಇದು: ರಾಜ್ಯದ ಗಡಿ ದಾಟಿದ ಕೂಡಲೇ ಎದುರಿಗೆ ಯಾರೇ ಇರಲಿ, ಹಿಂದಿ ಶುರು. ಸ್ವಲ್ಪ ಹೊತ್ತಿನ ಮೇಲೆ, ಅವರು ಆಡುವುದು ತನಗೆ ಅರ್ಧಕ್ಕರ್ಧ ತಿಳಿಯುತ್ತಿದೆ ಎಂದು ಹೊಳೆಯಿತಂತೆ. ತಮ್ಮ ಹಿರಿಯರು ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದವರೆಂಬುದು ಬಡಗರ ನಂಬಿಕೆ. ತಮ್ಮ ಹೆತ್ತೆ ಹಬ್ಬದ ಸಡಗರ, ಗೆಡ್ಡೆಕೋಸಿಗೂ ಆಲೂಗಡ್ಡೆಗೂ ಸಿಗುವ ರೇಟು, ಚಹದ ಸೊಪ್ಪಿನ ಬೆಲೆ ಬಿದ್ದದ್ದು, ಮಗ ಬೆಂಗಳೂರಿನಲ್ಲಿ ಕೆಲಸಕ್ಕಿರುವುದು ಎಲ್ಲ ಹೇಳಿದರು. ಮಗ ಎಲ್ಲಿದ್ದಾನೆ ಎಂದರೆ, ಕೆಂಗೇರಿಯಲ್ಲಿ ಬಾಡಿಗೆ ಕೋಣೆ. ಬೆಟ್ಟದ ಹುಡುಗ ಸಂಬಳಕ್ಕೆ ಕೆಂಗೇರಿಗೆ ಇಳಿದಿದ್ದಾನೆ, ಕೆಂಗೇರಿ ಕಡೆಯ ಹುಡುಗ ಸಂಬಳದ ಕೆಲಸ ಹೊತ್ತು ಬೆಟ್ಟಕ್ಕೆ ಏರಿದ್ದಾನೆ. ಬಾಡಿಗೆ ಮಾತ್ರ ಇಬ್ಬರೂ ಕಟ್ಟುತ್ತಿದ್ದಾರೆ.

ಆ ರಾತ್ರಿಯ ಬಗ್ಗೆ ಅವನು ಜಾಲತಾಣದಲ್ಲಿ ಏನೂ ಹಾಕಲಿಲ್ಲ. ಮೊಬೈಲ್ ಚಾರ್ಜ್ ಇರಲಿಲ್ಲ.

ಕನ್ನಡನಾಡಿನಲ್ಲಿ ಬೆಟ್ಟ ಇಲ್ಲವೇ, ಕೆರೆ ಇಲ್ಲವೇ ಎಂದು ಅಪ್ಪ ಒಮ್ಮೆ ಪಟ್ಟು ಹಿಡಿದು ಅವನನ್ನು ಅಯ್ಯನಕೆರೆಗೆ ಕಳಿಸಿದರು. ಚಿಕ್ಕಮಗಳೂರು ಜಿಲ್ಲೆ, ಸಖರಾಯಪಟ್ಟಣದ ಹತ್ತಿರ, ಮೂರು ಕಡೆ ಬೆಟ್ಟ, ಹೊಯ್ಸಳರ ಕಾಲಕ್ಕಾಗಲೇ ದುರಸ್ತಿಗೆ ಬಂದಿದ್ದ ಅಷ್ಟು ಹಳೆಯ ಕೆರೆ. ತೂಬಿದೆ, ಕೋಡಿ ಇದೆ, ಕೆಳಗೆ ಅಚ್ಚುಕಟ್ಟಿದೆ. ಮಗ ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಚಿಕ್ಕಮಗಳೂರಿಗೆ ವಾಪಸು ಬಂದ. "ಹೇಗಿತ್ತೋ?" ಎಂದರೆ, "ಸೂಪರ್ ಅಪ್ಪಾ, ಆದ್ರೆ ನನಗೆ ಸಿಗ್ನಲ್ ಸಿಗ್ಲಿಲ್ಲ" ಎಂದ. ಅಪ್ಪ ಅಂದಿನಿಂದ ಅವನಿಗೆ ಕೆರೆ ಸೂಚಿಸುವುದನ್ನು ಬಿಟ್ಟು, ಬೆಳಿಗ್ಗೆ ಸ್ಕೂಟರಿನಲ್ಲಿ ಮಲ್ಲತ್ತಹಳ್ಳಿ ಕೆರೆಗೆ ತಾವೇ ಹೋಗಿ ಎರಡು ಸುತ್ತು ನಡೆದು ಬರುತ್ತಾರೆ. ನಡೆಯಲು ಸ್ಕೂಟರಿನಲ್ಲಿ ಹೋಗುವವರಿಗೆ ಬೆಟ್ಟದಲ್ಲಿ ಕೂರಲು ಬಸ್ಸಿನಲ್ಲಿ ಹೋಗುವ ಮಗ ಹುಟ್ಟಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ನನಗೆ ಇವನ ಮೇಲೆ ಸಿಟ್ಟಿಲ್ಲ. ಎರಡು ಬೆಡ್‌ರೂಮಿನ ಮನೆ, ಒಂದರಲ್ಲಿ ಅಜ್ಜಿಯ ರೇಡಿಯೊ, ಹಾಲಿನಲ್ಲಿ ಅಪ್ಪನ ಟೀವಿ, ಪಕ್ಕದ ಸೈಟಿನಲ್ಲಿ ವರ್ಷಾನುಗಟ್ಟಲೆ ಮುಗಿಯದ ಕಟ್ಟಡದ ಕಲ್ಲು ಕುಯ್ಯುವ ಮೆಷಿನ್ನು. ಅಲ್ಲಿಂದ ಓಡಿಹೋಗದವನು ಇದ್ದರೆ ಅವನನ್ನೇ ಡಾಕ್ಟರಿಗೆ ತೋರಿಸಬೇಕು. ತಕರಾರಿರುವುದು ಕಂಪನಿಯ ಲೆಕ್ಕದ ಮೇಲೆ. ಅವರ ಕುರ್ಚಿ ಸವೆಯಲಿಲ್ಲ, ಕರೆಂಟು ಖರ್ಚಾಗಲಿಲ್ಲ, ಕಾಫಿ ಮೆಷಿನ್ನು ತಿರುಗಲಿಲ್ಲ. ಹುಡುಗ ಬೆಟ್ಟದಲ್ಲಿದ್ದೇನೆಂಬ ಪಾಪಪ್ರಜ್ಞೆಗೆ ದಿನಕ್ಕೆ ಎರಡು ಗಂಟೆ ಹೆಚ್ಚೇ ದುಡಿದ. ಒಂದು ಬೆಳ್ಳುಳ್ಳಿ ಗೆಡ್ಡೆಯ ಬೆಲೆಯನ್ನಾದರೂ ಅವರು ಕೊಡಬಾರದೇ?

ಯುಗಾದಿ ಕಳೆದ ಮೇಲೆ ಏರ್ಕಾಡಿಗೆ ಹೋಗುತ್ತಾನಂತೆ, ಪೂರ್ತಿ ಎರಡು ವಾರ. ಸೇಲಂನಿಂದ 20 ಹಿಮ್ಮುರಿ ತಿರುವು. ಅಮ್ಮ ಆಗಲೇ ನಿಂಬೆಹಣ್ಣು ತಂದಿಟ್ಟಿದ್ದಾರೆ. ಓದುಗರೇ, ನೀವು ಆ ಕಡೆ ಹೋದರೆ, ಹೋಮ್‌ಸ್ಟೇಯ ಬಚ್ಚಲ ಕಡೆಯಿಂದ "ಹಲೋ, ಹಲೋ, ನಾನು ಕೇಳಿಸ್ತಿದೀನಾ?" ಎಂಬ ಕನ್ನಡದ ಕೂಗು ಬಂದರೆ, ದಯವಿಟ್ಟು ನಿಮ್ಮ ಹಾಟ್‌ಸ್ಪಾಟ್ ಆನ್ ಮಾಡಿ ಕೊಡಿ. ನಮ್ಮ ಏರಿಯಾ ಹುಡುಗ. ಕೋಡುಬಳೆ ಕೊಡದೆ ನಿಮ್ಮನ್ನು ಕಳಿಸುವುದಿಲ್ಲ.